ಎರಡು ಬಿಂದಿಗೆ ಸ್ನಾನ, ಒಂದೇ ಒಂದು ದಂಟಿನ ಗಿಡ

ಮನೆಗೆ ಯಾರೇ ಬಂದರೂ ನನ್ನ ಬಾಯಿಂದ ಬರುವ ಮೊದಲ ಮಾತು "ಸ್ನಾನ ಆತಾ?" ಅಂತ. ಊಟ ಆತಾ ಅಂತ ಅಲ್ಲ, ಚೆನ್ನಾಗಿದೀರಾ ಅಂತಲೂ ಅಲ್ಲ. ಈ ಚಟದಿಂದ ನಾನು ಕೆಟ್ಟ ಹೆಸರು ತೆಗೆದುಕೊಂಡದ್ದೇ ಹೆಚ್ಚು. ಹೋದ ತಿಂಗಳು ಕರೆಂಟಿನ ಮೀಟರ್ ನೋಡುವವನು ಬಂದಿದ್ದ. ದಪ್ಪ ಮೀಸೆಯ ಆಸಾಮಿ. ನಾನು ಕೇಳಿದ್ದೇ ತಡ, ಆ ಕಡೆ ತಿರುಗಿ ತನ್ನ ಕಂಕುಳನ್ನು ತಾನೇ ಮೂಸಿಕೊಂಡ. ಆಮೇಲೆ ಮೀಟರನ್ನೂ ಸರಿಯಾಗಿ ನೋಡದೆ ಚೀಟಿ ಕೊಟ್ಟು ಹೋದ. ನನ್ನ ಸೊಸೆ ಹಣೆ ಹಣೆ ಚಚ್ಚಿಕೊಂಡಳು.

"ಅತ್ತೇರೆ, ಬಂದೋರನ್ನ ಹಂಗೆಲ್ಲ ಕೇಳ್ತಾರೇನ್ರೀ? ಏನ್ ಅನ್ಕಂಡ್ರೋ ಏನೋ."

ಏನಾದರೂ ಅಂದುಕೊಳ್ಳಲಿ. ನಾನು ಕೇಳಿದ್ದು ಅವನ ವಾಸನೆಗಲ್ಲ. ಅವನ ಪಾಲಿನ ಎರಡು ಬಿಂದಿಗೆ ನೀರಿಗೆ. ಆ ನೀರು ಈಗ ನನಗೆ ಬೇಕಾಗಿಲ್ಲ, ಅದನ್ನು ಕುಡಿಯುವ ಗಿಡವೂ ಇಲ್ಲ. ನಾಲಿಗೆಗೆ ಮಾತ್ರ ಅದು ಗೊತ್ತಾಗಿಲ್ಲ.

ಈಗಿನ ಬಚ್ಚಲನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ನೆಲಕ್ಕೆ ಕನ್ನಡಿಯಂಥ ಕಲ್ಲು ಹಾಕಿದ್ದಾರೆ, ಕಾಲಿಟ್ಟರೆ ಜಾರುತ್ತದೆ. ಅದನ್ನು ಕಟ್ಟುವಾಗ ಗಾರೆಯವನನ್ನು ಕೇಳಿದ್ದೆ, ಈ ನೀರು ಎಲ್ಲಿಗೆ ಹೋಗುತ್ತದೆ ಅಂತ. ಪೈಪಿನಲ್ಲಿ ಗುಂಡಿಗೆ ಹೋಗುತ್ತದೆ ಅಂದ. ಗುಂಡಿಯಲ್ಲಿ ಏನು ಬೆಳೆಯುತ್ತದೆ ಅಂದೆ. ಅವನು ನನ್ನ ಮಗನ ಮುಖ ನೋಡಿದ, ಮಗ ಗೋಡೆ ನೋಡಿದ.

ನಾನು ಮದುವೆಯಾಗಿ ತ್ಯಾವಣಿಗೆ ಕಡೆಯ ಈ ಹಳ್ಳಿಗೆ ಬಂದದ್ದು ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು. ನಮ್ಮ ಮನೆಯವರಿಗೆ ನಾಲೆಯ ಪಕ್ಕ ಒಂದೂವರೆ ಎಕರೆ ಗದ್ದೆ. ಅದು ಹೆಸರಿಗೆ ಮಾತ್ರ ಬೇಸಾಯ. ನಿಜವಾದ ಬೇಸಾಯ ನಡೆಯುತ್ತಿದ್ದದ್ದು ಬಚ್ಚಲ ಹಿಂದಿನ ಹಿತ್ತಲಲ್ಲಿ. ಅದರ ಯಜಮಾನಿ ನಮ್ಮತ್ತೆ ನೀಲಮ್ಮ. ಹರಿವೆ, ಮೆಂತ್ಯ, ಸಬ್ಬಸಿಗೆ, ಚಕ್ಕೋತ, ಬೇಲಿಯ ಉದ್ದಕ್ಕೂ ಪುಂಡಿ. ವಾರಕ್ಕೊಮ್ಮೆ ಕಟ್ಟು ಕಟ್ಟಿ ಬುಟ್ಟಿಯಲ್ಲಿಟ್ಟುಕೊಂಡು ಚನ್ನಗಿರಿ ಸಂತೆಗೆ ಹೋಗುತ್ತಿದ್ದಳು. ಆ ಹಿತ್ತಲಿಗೆ ಬಾವಿಯ ನೀರನ್ನಾಗಲಿ ನಾಲೆಯ ನೀರನ್ನಾಗಲಿ ಹೊತ್ತು ಹಾಕಿದವರಿಲ್ಲ. ಅದು ಕುಡಿಯುತ್ತಿದ್ದದ್ದು ನಮ್ಮ ಮೈ ತೊಳೆದ ನೀರನ್ನೇ. ಬಚ್ಚಲ ತೂತಿನಿಂದ ಒಂದು ಸಣ್ಣ ಕಾಲುವೆ ಹೊರಟು ಮಡಿಯಿಂದ ಮಡಿಗೆ ಸುತ್ತಿ ಪುಂಡಿಯ ಬುಡದಲ್ಲಿ ಮುಗಿಯುತ್ತಿತ್ತು.

ಹೀಗಾಗಿ ನಮ್ಮ ಮನೆಯಲ್ಲಿ ಸ್ನಾನ ಅನ್ನುವುದು ಮೈ ಕೊಳೆಗೆ ಸಂಬಂಧಿಸಿದ ವಿಷಯ ಆಗಿರಲಿಲ್ಲ. ಸೊಪ್ಪಿನ ಮಡಿ ಒಣಗಿದರೆ ಯಾರಾದರೊಬ್ಬರು ಸ್ನಾನಕ್ಕೆ ಹೋಗಬೇಕು. ನಮ್ಮೆಜಮಾನರು ಗದ್ದೆಯಿಂದ ಬಂದು ಉಣ್ಣಲು ಕೂತರೆ ಅತ್ತೆ ಹಿತ್ತಲಿನಿಂದ ಕೂಗುತ್ತಿದ್ದಳು, "ಮೆಂತ್ಯ ಬಾಡಾಕೆ ಹತ್ತೈತೆ, ಎದ್ದು ಮೈ ತೊಳ್ಕಂಡು ಬಾ." ಅವರು ಬೆಳಿಗ್ಗೆಯೇ ತೊಳೆದುಕೊಂಡಿರುತ್ತಿದ್ದರು. ಆದರೂ ಎದ್ದು ಹೋಗುತ್ತಿದ್ದರು. ಸೋಪು ಮಾತ್ರ ನಿಷಿದ್ಧ. ಸೋಪಿನ ನೀರು ಕುಡಿದರೆ ಸೊಪ್ಪು ಮುರುಟುತ್ತದೆ ಅನ್ನುವುದು ಅತ್ತೆಯ ನಂಬಿಕೆ. ಸೀಗೇಪುಡಿ ಆಗಬಹುದು, ಕಡಲೆಹಿಟ್ಟು ಆಗಬಹುದು. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಅತ್ತೆ ಕಂಗಾಲಾಗುತ್ತಿದ್ದಳು. ನಾಲ್ಕು ದಿನ ಸ್ನಾನ ಇಲ್ಲವಲ್ಲ!

ಇಂಥ ಮನೆಗೆ ಬಂದವಳು ನಾನು, ನೀರಿಗೆ ಬರವಿರುವ ಜಗಳೂರಿನ ಕಡೆಯವಳು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಒಂದು ಚೊಂಬು ನೀರಲ್ಲಿ ತಲೆಯಿಂದ ಕಾಲಿನವರೆಗೆ ಸ್ನಾನ ಮಾಡುವುದನ್ನು ಕಲಿಸುತ್ತಾರೆ. ನಾನು ಅದರಲ್ಲಿ ಗಟ್ಟಿಗಿತ್ತಿ, ಕೊನೆಗೆ ಚೊಂಬಿನಲ್ಲಿ ಒಂದು ಗುಟುಕು ಉಳಿಸುತ್ತಿದ್ದೆ. ಮದುವೆಯಾದ ಮರುದಿನ ಬಚ್ಚಲಿಗೆ ಹೋದೆ. ಅತ್ತೆ ಹೊರಗೆ ಕಾಲುವೆಯ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತು ಕಾಯುತ್ತಿದ್ದಳು. ಒಂದಿಷ್ಟು ನೀರು ಬಂತು, ನಿಂತಿತು. ಇನ್ನೂ ಬರುತ್ತದೆ ಅಂತ ಕಾದಳು.

"ಏನೇ, ಒಳಗೆ ಸತ್ಯೇನೇ?"

"ಇಲ್ರೀ ಅತ್ತೇರೆ, ಆತು."

"ಏನಾತು?"

"ಸ್ನಾನ."

ಅತ್ತೆ ಇಡೀ ಕೇರಿಗೆ ಕೇಳುವಂತೆ ಅಂದಳು, "ಮೊದ್ಲನೆ ಮಡಿ ಅರ್ಧನೂ ನೆನೀಲಿಲ್ಲ! ಎಂಥಾ ಹೆಣ್ಣು ತಂದ್ವಪ್ಪಾ ನಾವು!" ನನ್ನ ತವರಿನಲ್ಲಿ ಹೊಗಳಿಸಿಕೊಂಡ ಗುಣ ಇಲ್ಲಿ ಬಂದು ಐಬಾಯಿತು. ಅವತ್ತು ನನಗೆ ಮೂರು ಸಲ ಸ್ನಾನ ಮಾಡಿಸಿದಳು. ಮೂರನೆಯ ಸಲಕ್ಕೆ ಸಬ್ಬಸಿಗೆ ಮಡಿಗೆ ನೀರು ಮುಟ್ಟಿತು.

ಇಷ್ಟೆಲ್ಲ ಸೊಪ್ಪಿನ ನಡುವೆ ಅತ್ತೆಗೆ ಜೀವ ಇದ್ದದ್ದು ದಂಟಿನ ಮೇಲೆ. ಎಲ್ಲರ ಮನೆಯ ದಂಟಲ್ಲ ಅದು. ಆಳೆತ್ತರ ಬರುತ್ತಿತ್ತು, ಬುಡದಿಂದ ತುದಿಯವರೆಗೆ ಎರಡು ಕೆಂಪು ಗೆರೆ. ಮೂರು ಬೆರಳು ದಪ್ಪ ಆದರೂ ನಾರು ಕಟ್ಟುತ್ತಿರಲಿಲ್ಲ. ಸಾರಿಗೆ ಹಾಕಿದರೆ ಮುದ್ದೆಗಿಂತ ಮೊದಲು ದಂಟು ಖಾಲಿಯಾಗುತ್ತಿತ್ತು. ಸಾಸ್ವೆಹಳ್ಳಿಯ ತವರಿನಿಂದ ಬರುವಾಗ ಅವಳ ಅವ್ವ ಅದರ ಬೀಜವನ್ನು ಉಡಿಗೆ ಹಾಕಿ ಕಳಿಸಿದ್ದಳಂತೆ. ಆ ಬೀಜ ಹೆಣ್ಣುಮಕ್ಕಳ ಉಡಿಯಲ್ಲಿ ಹೋಗಬೇಕು, ಇಲ್ಲವೆಂದರೆ ನೆಂಟರಿಗೆ ಕೊಡಬೇಕು. ಹೊರಗಿನವರಿಗೆ ಒಂದು ಕಾಳೂ ಇಲ್ಲ. ಸಂತೆಗೆ ಒಯ್ಯುವ ದಂಟಿನ ಬೇರು ಕತ್ತರಿಸಿ, ಹೂವಿನ ತುದಿ ಚಿವುಟಿ ಕಟ್ಟು ಕಟ್ಟುತ್ತಿದ್ದಳು, ಯಾರೂ ಅದನ್ನು ನೆಟ್ಟು ಸಂತಾನ ಮಾಡಿಕೊಳ್ಳಬಾರದು ಅಂತ. ಸಾಸ್ವೆಹಳ್ಳಿಯಲ್ಲಿ ಆ ದಂಟು ಆಗಲೇ ಹೋಗಿತ್ತು. ಅವಳ ಅಣ್ಣನ ಹೆಂಡತಿ ಆ ಜಾಗದಲ್ಲಿ ಗುಲಾಬಿ ಹಾಕಿದ್ದಳು. ಅವತ್ತಿನಿಂದ ಅತ್ತೆ ಆ ಅತ್ತಿಗೆ ಜೊತೆ ಮಾತು ಬಿಟ್ಟಿದ್ದಳು. ಅಂದರೆ ಭೂಮಿಯ ಮೇಲೆ ಆ ಬೀಜ ಉಳಿದಿದ್ದದ್ದು ನಮ್ಮ ಅಡುಗೆಮನೆಯ ಗೂಡಿನಲ್ಲಿ, ಒಂದು ಕುಡಿಕೆಯಲ್ಲಿ. ಹುಳ ಬೀಳದಿರಲೆಂದು ಅದನ್ನು ಜರಡಿ ಹಿಡಿದ ಬೂದಿಯಲ್ಲಿ ಬೆರೆಸಿ ಇಟ್ಟಿದ್ದಳು.

ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ನಮ್ಮ ಕಡೆ ಸೊಪ್ಪಿನ ಬೀಜ ಯಾರು ಇಡುತ್ತಾರೆ? ಜೋಳದ ಹೊಲದಲ್ಲಿ ಹಕ್ಕರಿಕೆ ತಾನೇ ಹುಟ್ಟುತ್ತದೆ, ಕಿತ್ತು ರೊಟ್ಟಿಯ ಮೇಲೆ ಹಾಕಿಕೊಂಡು ತಿನ್ನುತ್ತೇವೆ, ಮುಗಿಯಿತು. ಮದುವೆಯಾಗಿ ಮೂರು ತಿಂಗಳಾಗಿತ್ತು. ಪಾತ್ರೆ ಹೊತ್ತುಕೊಂಡು ನಾಲೆಗೆ ಹೊರಟವಳು ಬೂದಿ ಹುಡುಕಿದೆ. ಗೂಡಿನಲ್ಲಿ ಕುಡಿಕೆ ಕಂಡಿತು. ಎಂಥ ನಯವಾದ ಬೂದಿ! ನಡುನಡುವೆ ಕಪ್ಪಗೆ ಮಿರಮಿರ ಹೊಳೆಯುವ ಸಣ್ಣ ಕಾಳು. ಪಾತ್ರೆ ಚೆನ್ನಾಗಿ ಬೆಳಗಲಿ ಅಂತ ಮರಳು ಬೆರೆಸಿದ್ದಾರೆ, ಈ ಮನೆಯವರು ಅಚ್ಚುಕಟ್ಟು ಅಂದುಕೊಂಡೆ. ಇಡೀ ಕುಡಿಕೆ ಖಾಲಿ ಮಾಡಿದೆ.

ಪಾತ್ರೆಗಳು ಹಿಂದೆಂದೂ ಹಾಗೆ ಹೊಳೆದಿರಲಿಲ್ಲ. ಅತ್ತೆ ಹಿತ್ತಾಳೆ ಚೊಂಬನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ನನ್ನನ್ನು ಅವಳು ಹೊಗಳಿದ್ದು ಅದೇ ಮೊದಲು.

"ಇವತ್ತು ಚೆಂದ ಬೆಳಗೀಯಲ್ಲೇ ಹಾಲಮ್ಮ. ಯಾವ ಬೂದಿ?"

"ಗೂಡಿನಾಗಿಂದು ಅತ್ತೇರೆ. ಕುಡಿಕೆದು."

ಚೊಂಬು ಕೈಯಿಂದ ಬಿದ್ದು ಸೊಟ್ಟಗಾಯಿತು. ಆ ಸೊಟ್ಟ ಈಗಲೂ ಇದೆ. ಅತ್ತೆ ನಾಲೆಗೆ ಓಡಿದಳು. ನಾನೂ ಹಿಂದೆ ಓಡಿದೆ. ನಾಲೆಯ ಮೆಟ್ಟಿಲ ಮೇಲೆ ನಿಂತು ನೀರನ್ನೇ ನೋಡಿದಳು. ನೀರು ತನ್ನ ಪಾಡಿಗೆ ಹೋಗುತ್ತಿತ್ತು. ಅದನ್ನು ಹಿಡಿದು ನಿಲ್ಲಿಸಿ ಕೇಳುವ ಹಾಗಿರಲಿಲ್ಲ.

ಮನೆಗೆ ಬಂದರೆ ನನ್ನ ನಾದಿನಿ ಗಂಗಿ, ಸಂಜೆಯ ಸಾರಿಗೆ ಅಂತ, ಬಚ್ಚಲ ಕಾಲುವೆಯ ಬಾಯಲ್ಲಿ ತಾನಾಗಿ ಹುಟ್ಟಿದ್ದ ಒಂದು ದಂಟಿನ ಸಸಿಗೆ ಕೈ ಹಾಕಿದ್ದಳು. ಮೊಣಕಾಲೆತ್ತರದ ಸಸಿ. ಅತ್ತೆ ಅವಳ ಕೈಗೆ ಬಾರಿಸಿದ ಏಟು ನಾಲ್ಕು ಮನೆಗೆ ಕೇಳಿತು. ಆ ಸಲದ ದಂಟನ್ನೆಲ್ಲ ಕಿತ್ತು ಮಾರಿಯಾಗಿತ್ತು, ಉಳಿದಿದ್ದದ್ದು ಅದೊಂದೇ. ಅದು ಬೆಳೆದು, ಹೂ ಬಿಟ್ಟು, ಬೀಜ ಕಟ್ಟಿದರೆ ಉಂಟು, ಇಲ್ಲದಿದ್ದರೆ ಇಲ್ಲ.

"ಈ ಗಿಡದ ಬೀಜ ಕುಡಿಕೆಗೆ ಬೀಳೋತನಕ ನೀನು ತವ್ರುಮನಿ ಕಡೆ ಮುಖ ಮಾಡಂಗಿಲ್ಲ," ಅಂದಳು ಅತ್ತೆ ನನಗೆ.

ತವರಿನ ಮೇಲೆ ನನಗೆ ಅಂಥ ಮಮತೆ ಇತ್ತು ಅಂತ ತಿಳಿಯಬೇಡಿ. ನಮ್ಮಣ್ಣನ ಎಮ್ಮೆ ಬೇಸಿಗೆಯಲ್ಲಿ ಈಯುವುದಿತ್ತು. ಗಿಣ್ಣ ತಿನ್ನದೆ ನಾನು ಒಂದು ಬೇಸಿಗೆಯನ್ನೂ ಕಳೆದವಳಲ್ಲ. ಹೋಗಬೇಕು ಅಂದರೆ ಆ ಗಿಡ ಬದುಕಬೇಕು. ಹೀಗೆ ನನ್ನ ಗಿಣ್ಣ ಒಂದು ದಂಟಿನ ತುದಿಗೆ ನೇತುಬಿತ್ತು.

ಬೇಸಿಗೆ ಬಂತು, ನಾಲೆ ನಿಲ್ಲಿಸಿದರು. ಊರಿಗೆಲ್ಲ ಒಂದೇ ಬಾವಿ. ಹಿರಿಯರು ಅದನ್ನು ರುದ್ರಪ್ಪಜ್ಜನಿಗೆ ಒಪ್ಪಿಸಿದರು. ಎಪ್ಪತ್ತು ದಾಟಿದ ಮುದುಕ, ಬಿದಿರಿನ ಕೋಲು, ಬಾವಿಯ ಕಟ್ಟೆಯ ಮೇಲೆ ಒಂದು ಗೋಣಿಚೀಲದ ಆಸನ. ಅವನ ನೇಮ ಹೀಗೆ: ದಿನಕ್ಕೆ ತಲೆಗೆ ಎರಡು ಬಿಂದಿಗೆ. ಮನೆಯವರಿಗೆ ಉಂಟು, ಮನೆಗೆ ಬಂದ ನೆಂಟರಿಗೆ ಉಂಟು. ದಾರಿಹೋಕರಿಗೆ ಇಲ್ಲ. ಗಿಡಕ್ಕೆ ಮೊದಲೇ ಇಲ್ಲ. ಅವನ ಕಟ್ಟೆಯಿಂದ ನಮ್ಮ ಹಿತ್ತಲು ನೇರ ಕಾಣುತ್ತಿತ್ತು. ಬಿಂದಿಗೆ ಎತ್ತಿ ಗಿಡದ ಕಡೆ ನಡೆದರೆ ಸಾಕು, ಅಲ್ಲಿಂದಲೇ ಕೋಲು ಎತ್ತುತ್ತಿದ್ದ.

ಸ್ನಾನ ಮಾಡಬೇಡಿ ಅಂತ ಅವನು ಹೇಳುವ ಹಾಗಿರಲಿಲ್ಲ. ಮೈ ಮೇಲಿಂದ ಇಳಿದ ನೀರು ಯಾವ ಕಡೆ ಹೋದರೂ ಅದಕ್ಕೆ ನೇಮ ಇಲ್ಲ. ನಮ್ಮತ್ತೆ ಇದನ್ನು ಹಿಡಿದುಕೊಂಡಳು. ಆದರೆ ನಾವು ಮನೆಯಲ್ಲಿ ನಾಲ್ಕೇ ತಲೆ. ಅತ್ತೆ, ಗಂಡ, ಗಂಗಿ, ನಾನು. ಎಂಟು ಬಿಂದಿಗೆಯಲ್ಲಿ ಅಡುಗೆಗೆ, ಕುಡಿಯಲು, ಎಮ್ಮೆಗೆ ಹೋಗಿ ಮೈಗೆ ಉಳಿಯುತ್ತಿದ್ದದ್ದು ಚೊಂಬಿನ ಲೆಕ್ಕ. ಬೀಜ ಕಟ್ಟುವ ಗಿಡಕ್ಕೆ ದಿನಕ್ಕೆ ಮೂರಾದರೂ ಪೂರ್ತಿ ಸ್ನಾನ ಬೇಕು ಅಂದಳು ಅತ್ತೆ. ಉಳಿದ ಮಡಿಗಳನ್ನೆಲ್ಲ ಒಣಗಲು ಬಿಟ್ಟಳು. ನನ್ನನ್ನು ಬೀದಿಯ ಕಟ್ಟೆಗೆ ಕೂರಿಸಿದಳು.

"ನೆಂಟ್ರನ್ನ ಹಿಡಿ," ಅಂದಳು.

ನೀವು ಕೇಳಬಹುದು, ನೆಂಟರು ಬಂದಿದ್ದಾರೆ ಅಂತ ಹೇಳಿ ನೀರು ತಂದು, ಕತ್ತಲಾದ ಮೇಲೆ ಗಿಡಕ್ಕೆ ಸುರಿದರೆ ಆಗುತ್ತಿರಲಿಲ್ಲವೇ ಅಂತ. ನಾನೂ ಕೇಳಿದೆ. ಅತ್ತೆ ಕೆಂಡವಾದಳು. "ಊರ ಬಾವಿ ನೀರು ಕದಿಯಾಕೆ ಹೇಳ್ತೀಯೇನೇ? ಮೈ ಮ್ಯಾಲಿಂದ ಇಳಿದ್ರೆ ಅದು ನಮ್ದು. ಇಳೀದಿದ್ರೆ ಬಾವೀದು." ನೆಂಟಸ್ತನವನ್ನು ಎಷ್ಟು ಬೇಕಾದರೂ ಎಳೆಯಬಹುದಿತ್ತು. ನೀರಿನ ವಿಷಯದಲ್ಲಿ ಮಾತ್ರ ಅವಳು ಸತ್ಯವಂತೆ.

ನಾನು ಮೊದಲು ಹಿಡಿದದ್ದು ಬಳೆಗಾರ್ತಿಯನ್ನು. ಅವಳನ್ನು ಅತ್ತೆಯ ಚಿಕ್ಕಮ್ಮನ ಮಗಳು ಮಾಡಿದೆವು. ಬಳೆ ತೊಡಿಸಿ ಹೋಗುವೆನೆಂದು ಬಂದವಳು ತಲೆಗೆ ಎರೆದುಕೊಂಡು ಹೋದಳು. ಆಮೇಲೆ ಹರಳೆಣ್ಣೆ ಮಾರುವವನು, ಕುರಿ ಕೊಳ್ಳಲು ಬಂದ ಇಬ್ಬರು, ಹೊನ್ನಾಳಿಯಿಂದ ಬರುತ್ತಿದ್ದ ಕಲಾಯಿ ಸಾಬರು. ಸಾಬರು ಒಳ್ಳೆಯ ಮನುಷ್ಯ, ಯಾಕೆ ಏನು ಕೇಳಲಿಲ್ಲ. ಬಿಸಿಲಲ್ಲಿ ಬೆಂದವರು, "ಬಹುತ್ ಪುಣ್ಯದ ಕೆಲಸ ತಾಯೀ" ಅಂತ ಬಚ್ಚಲಿಗೆ ನುಗ್ಗಿದರು. ನಾನು ಅವರ ಪಾಲಿನ ಎರಡು ಬಿಂದಿಗೆಗೆ ಬಾವಿಗೆ ಹೋದೆ.

"ಯಾರಿಗೆ?" ಅಂದ ರುದ್ರಪ್ಪಜ್ಜ.

"ನಮ್ಮಣ್ಣ ಬಂದಾನೆ ಅಜ್ಜಾರೆ."

"ಈಗ ಒಳಗೆ ಹೋದೋರು ಕಲಾಯಿ ಸಾಬರು."

"ಹೂನ್ರೀ. ಅವ್ರೇ."

"ಅವ್ರು ನಿಮ್ಮಣ್ಣ ಹೆಂಗಾದ್ರವ್ವ?"

"ನಮ್ಮ ಜಗಳೂರಾಗೆ ಪಾತ್ರಿಗೆ ಕಲಾಯಿ ಹಾಕಿದೋರಿಗೆಲ್ಲ ಅಣ್ಣ ಅಂತೀವಿ ಅಜ್ಜಾರೆ. ಅವ್ರು ಇಲ್ದಿದ್ರೆ ಹುಳೀನ ಎಲ್ಲಿ ಕಾಸಬೇಕು?"

ಅಜ್ಜ ಗಡ್ಡ ಕೆರೆದುಕೊಂಡ. ಜಗಳೂರಿನ ಪದ್ಧತಿ ಅವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಆಗಷ್ಟೇ ಹುಟ್ಟಿತ್ತು. ಎರಡು ಬಿಂದಿಗೆ ಬಿಟ್ಟ. ಆದರೆ ಅವತ್ತಿನಿಂದ ಅವನ ಕಣ್ಣು ನಮ್ಮ ಮನೆಯ ಬಾಗಿಲ ಮೇಲೆ ಬಿತ್ತು. "ನೀಲಮ್ಮನ ಮನಿಗೆ ಇಷ್ಟು ನೆಂಟ್ರು ಎಲ್ಲಿದ್ರೋ ಇಷ್ಟು ದಿನ," ಅಂತ ನೀರಿಗೆ ಬಂದವರಿಗೆಲ್ಲ ಹೇಳತೊಡಗಿದ.

ಗಿಡ ಮಾತ್ರ ಯಾರ ಮಾತನ್ನೂ ಕೇಳಿಸಿಕೊಳ್ಳದೆ ಏಳುತ್ತಿತ್ತು. ನನ್ನ ಎತ್ತರ ಬಂತು, ನನ್ನನ್ನು ದಾಟಿತು. ತುದಿಯಲ್ಲಿ ನರಿಬಾಲದಂಥ ತೆನೆ ಬಂತು. ಇನ್ನು ಹದಿನೈದು ದಿನ ನೀರು ಸಿಕ್ಕರೆ ಕಾಳು ಕಪ್ಪಾಗುತ್ತದೆ ಅಂದಳು ಅತ್ತೆ. ಜಗಳೂರಿನಿಂದ ಎಮ್ಮೆ ಈದ ಸುದ್ದಿ ಬಂದೇ ಬಿಟ್ಟಿತು. ನಾನು ಹಲ್ಲು ಕಚ್ಚಿ ಕಟ್ಟೆಯ ಮೇಲೆ ಕೂತೆ.

ಆ ಹೊತ್ತಿಗೆ ಗಂಗಿಯನ್ನು ನೋಡಲು ನ್ಯಾಮತಿ ಕಡೆಯಿಂದ ಗಂಡಿನವರು ಬಂದರು. ಏಳು ಜನ! ಅತ್ತೆಯ ಮುಖ ನೋಡಬೇಕಿತ್ತು. ಬೇರೆ ತಾಯಂದಿರು ಗಂಡಿನ ಮೂಗು ಕಣ್ಣು ನೋಡುತ್ತಾರೆ, ಇವಳು ತಲೆ ಎಣಿಸಿದಳು. ಹದಿನಾಲ್ಕು ಬಿಂದಿಗೆ. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಮಂಡಕ್ಕಿ ತಿಂದು, ಚಾ ಕುಡಿದು ಏಳುತ್ತಾರೆ. ಒಪ್ಪಿಗೆ ಆಗುವವರೆಗೆ ಊಟ ಮಾಡುವುದಿಲ್ಲ. ಸ್ನಾನದ ಮಾತಂತೂ ಯಾರೂ ಆಡಿದ್ದೇ ಇಲ್ಲ. ಅತ್ತೆ ಆಡಿದಳು.

"ಬಸ್ಸಿನ ಧೂಳು ಮೈ ತುಂಬ ಐತೆ. ಒಬ್ಬೊಬ್ಬರೇ ಸ್ನಾನ ಮಾಡ್ಕಂಡು ಬರ್ರಿ."

ಗಂಡಿನ ತಂದೆ ದೊಡ್ಡ ರುಮಾಲಿನ ಮನುಷ್ಯ. "ಹೆಣ್ಣು ನೋಡಾಕೆ ಬಂದೀವ್ರೀ ತಾಯೀ. ಕರೀರಿ, ನೋಡಿ ಹೋಗ್ತೀವಿ."

"ಸ್ನಾನ ಆಗದೆ ಹೆಣ್ಣು ತೋರ್ಸಲ್ರೀ."

"ಇದ್ಯಾವ ಊರ ಪದ್ಧತಿ?"

"ನಮ್ಮ ಹಿತ್ತಲಿಂದು," ಅಂತ ಬಾಯಿ ತಪ್ಪಿ ಅಂದು, "ನಮ್ಮ ಹಿರೇರ್ದು" ಅಂತ ತಿದ್ದಿಕೊಂಡಳು.

ಎರಡು ಬಸ್ಸು ಬದಲಾಯಿಸಿ ಬಂದವರು ಸುಮ್ಮನೆ ವಾಪಸು ಹೋಗುತ್ತಾರೆಯೇ? ಒಬ್ಬೊಬ್ಬರಾಗಿ ಎದ್ದರು. ನಾನೂ ನಮ್ಮೆಜಮಾನರೂ ನೀರು ಹೊತ್ತೆವು, ಹೊತ್ತೆವು. ರುದ್ರಪ್ಪಜ್ಜ ಬಿಂದಿಗೆಗೊಂದು ಕಲ್ಲು ಇಡುತ್ತ ಹೋದ. ಗಂಗಿ ಹೊಸ ಸೀರೆ ಉಟ್ಟು, ಹೂ ಮುಡಿದು ಅಡುಗೆಮನೆಯಲ್ಲಿ ಮೂರು ತಾಸು ಕೂತಳು. ಹೂ ಬಾಡಿತು.

"ಅತ್ತಿಗೆ, ಇವ್ರು ನನ್ನ ನೋಡಾಕೆ ಬಂದಾರೋ, ಆ ಗಿಡ ನೋಡಾಕೆ ಬಂದಾರೋ?"

"ಗಿಡಕ್ಕೆ ನೀರು, ನಿನಗೆ ಗಂಡ. ಸುಮ್ನೆ ಕೂತ್ಕ," ಅಂದೆ.

ಕೊನೆಗೆ ಎದ್ದವನು ಗಂಡು. ಕೈಯಲ್ಲಿ ಒಂದು ಡಬ್ಬಿ. ಮುಚ್ಚಳ ತೆಗೆದರೆ ಗುಲಾಬಿ ಬಣ್ಣದ ಸೋಪು! ನನ್ನ ಗಿಣ್ಣ, ಅತ್ತೆಯ ಬೀಜ, ಎರಡೂ ಆ ಸೋಪಿನಲ್ಲಿ ಕರಗಿಹೋಗುವುದಿತ್ತು. ಮದುವೆಯಾಗದ ಗಂಡಸಿನ ಎದುರು ಮನೆಯ ಸೊಸೆ ಹೋಗಿ ನಿಲ್ಲಬಾರದು. ನಿಂತೆ.

"ಅದನ್ನ ಈ ಕಡೆ ಕೊಡ್ರಿ."

"ಯಾಕ್ರೀ?"

"ಕೊಡ್ರಿ ಅಂದ್ರೆ ಕೊಡ್ರಿ. ಸೀಗೇಪುಡಿ ಇಟ್ಟೀನಿ."

ಅವನ ಕೈಯಿಂದ ಕಿತ್ತುಕೊಂಡು ಸೆರಗಿನಲ್ಲಿ ಕಟ್ಟಿಕೊಂಡೆ. ಪಾಪ, ಅವನು ಸೀಗೇಪುಡಿ ಕಣ್ಣಿಗೆ ಬಿದ್ದು ಕೆಂಪು ಕಣ್ಣು ಮಾಡಿಕೊಂಡು ಹೊರಗೆ ಬಂದ. ಗಿಡ ಉಳಿಸಿದೆ ಅಂತ ನಾನು ಬೀಗಿದೆ.

ಏಳೂ ಜನ ಒದ್ದೆ ತಲೆಯಲ್ಲಿ ಪಡಸಾಲೆಯಲ್ಲಿ ಸಾಲಾಗಿ ಕೂತಿದ್ದರು. ಆಗ ಬಾಗಿಲಲ್ಲಿ ಕೋಲಿನ ಸದ್ದಾಯಿತು. ರುದ್ರಪ್ಪಜ್ಜ. ಪಂಚೆಯ ಮಡಿಲಲ್ಲಿದ್ದ ಹದಿನಾಲ್ಕು ಕಲ್ಲನ್ನು ನೆಲಕ್ಕೆ ಸುರಿದ.

"ಇವ್ರು ಯಾರು?"

"ನಾವು ನ್ಯಾಮತಿ ಕಡೇರು. ಹೆಣ್ಣು ನೋಡಾಕೆ ಬಂದೀವಿ," ಅಂದರು ರುಮಾಲಿನವರು. ರುಮಾಲು ತೊಡೆಯ ಮೇಲಿತ್ತು.

"ನೋಡಿ ಆತಾ?"

"ಇನ್ನೂ ಇಲ್ರೀ. ಸ್ನಾನ ಈಗ ಮುಗೀತು."

"ಅಂದ್ರೆ ಇನ್ನೂ ನೆಂಟ್ರಲ್ಲ."

"ಅದೆಂಗೆ ಆಗ್ತೀವ್ರೀ? ನೋಡ್ಬೇಕು, ಒಪ್ಪಬೇಕು…"

"ನೆಂಟ್ರಲ್ದೋರು ಊರ ಬಾವಿಯ ಹದಿನಾಲ್ಕು ಬಿಂದಿಗಿ ಮೈಮ್ಯಾಲೆ ಸುರ್ಕಂಡು ಕುಂತೀರಿ." ಅಜ್ಜ ಕೋಲು ಕುಟ್ಟಿದ. "ಒಂದು ಮಾತು ಹೇಳ್ರಿ. ನೆಂಟ್ರು ಅಂದ್ರೆ ನಾನು ಹೋಗ್ತೀನಿ. ಅಲ್ಲ ಅಂದ್ರೆ ನೀರು ವಾಪಸ್ ಬಾವಿಗೆ ಹಾಕ್ರಿ."

ರುಮಾಲಿನವರು ತಮ್ಮ ಒದ್ದೆ ಪಂಚೆಯನ್ನು ನೋಡಿಕೊಂಡರು. ಅದನ್ನು ಹಿಂಡಿದರೂ ಒಂದು ಬಿಂದಿಗೆ ತುಂಬುವ ಹಾಗಿರಲಿಲ್ಲ. ಅಷ್ಟರಲ್ಲಿ ಗಂಗಿ ತಾನೇ ಚಾದ ತಟ್ಟೆ ಹಿಡಿದು ಬಂದಳು. ಮೂರು ತಾಸಿನ ಸಿಟ್ಟು ಮುಖದ ಮೇಲೆ ಇತ್ತು. ತಲೆ ತಗ್ಗಿಸಲಿಲ್ಲ, ನಾಚಲಿಲ್ಲ. ತಟ್ಟೆಯನ್ನು ಗಂಡಿನ ಮುಂದೆ ಕುಕ್ಕಿ, "ತಗಳ್ರಿ, ಆರ್ತೈತೆ" ಅಂದಳು. ಅವನು ಕೆಂಪು ಕಣ್ಣಿನಿಂದ ಅವಳನ್ನು ನೋಡಿ, ತಂದೆಯ ಕಡೆ ತಿರುಗಿದ.

"ನೆಂಟ್ರೇ ಅಂದ್ಬಿಡಪ್ಪ. ನನ್ನ ಸೋಪೂ ಇವ್ರ ಹತ್ರನೇ ಐತೆ."

ಹೀಗೆ ಗಂಗಿಯ ಮದುವೆ ಗೊತ್ತಾಯಿತು. ಅಜ್ಜ ಕಲ್ಲು ಆರಿಸಿಕೊಂಡು ಹೋದ. ಎಲ್ಲರೂ ನಕ್ಕರು. ಅತ್ತೆ ಒಬ್ಬಳೇ ನಗದೆ ಹಿತ್ತಲಿಗೆ ಹೋದಳು, ಗಿಡಕ್ಕೆ ಹೊಟ್ಟೆ ತುಂಬಿತೇ ನೋಡಲು. ಅಲ್ಲಿಂದ ಅವಳು ಕಿರುಚಿದ್ದು ಕೇಳಿ ನಾನು ಓಡಿದೆ.

ತಿಂಗಳುಗಟ್ಟಲೆ ಗುಟುಕು ಗುಟುಕು ನೀರು ಕುಡಿದ ಗಿಡ ಅದು. ಹದಿನಾಲ್ಕು ಬಿಂದಿಗೆ ಒಮ್ಮೆಗೇ ನುಗ್ಗಿ ಬುಡದ ಮಣ್ಣನ್ನೆಲ್ಲ ಸಡಿಲ ಮಾಡಿತ್ತು. ತೆನೆಯ ಭಾರಕ್ಕೆ ಗಿಡ ಮಲಗಿತ್ತು, ಬುಡದಲ್ಲಿ ಲಟಕ್ಕೆಂದು ಮುರಿದಿತ್ತು. ನಾನು ಸೋಪು ಕಾಯುತ್ತ ನಿಂತಿದ್ದೆ. ನೀರನ್ನು ಕಾಯಬೇಕು ಅಂತ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ನೀರು ಹೆಚ್ಚಾಗಿ ಏನಾದರೂ ಹಾಳಾಗುತ್ತದೆ ಅನ್ನುವುದು ಜಗಳೂರಿನವಳಿಗೆ ಹೇಗೆ ಹೊಳೆಯಬೇಕು?

ತೆನೆಯನ್ನು ನೆರಳಲ್ಲಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ, ಅತ್ತೆ ಉಫ್ ಅಂತ ಊದಿದಳು. ಎಲ್ಲ ಹಾರಿಹೋಯಿತು. ಒಂದೂ ಬಲಿತಿರಲಿಲ್ಲ, ಬರೀ ಜೊಳ್ಳು. ಖಾಲಿ ಅಂಗೈಯನ್ನು ಅವಳು ಬಹಳ ಹೊತ್ತು ನೋಡಿದಳು. ನಾಲ್ಕು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಮಗಳನ್ನು ಕಳಿಸುವ ಸಂಕಟ ಅಂತ ನೆರೆಹೊರೆಯವರು ಬಂದು ಸಮಾಧಾನ ಹೇಳಿದರು. "ನ್ಯಾಮತಿ ಏನು ದೂರ ಇಲ್ಲ ನೀಲಮ್ಮ, ಬೇಕಾದಾಗ ಹೋಗಿ ನೋಡ್ಕಂಡು ಬರಬೋದು," ಅಂದರು. ಅತ್ತೆ ಅವರನ್ನು ಹುಚ್ಚರನ್ನು ನೋಡಿದ ಹಾಗೆ ನೋಡಿದಳು. ಮಗಳ ಉಡಿಗೆ ಹಾಕಲು ಬೀಜ ಇಲ್ಲದ ಸಂಕಟ ಅದು ಅಂತ ನನಗೆ ಗೊತ್ತಿತ್ತು. ನಾನಂತೂ ಇನ್ನು ಜೀವಮಾನದಲ್ಲಿ ಗಿಣ್ಣ ತಿನ್ನುವುದಿಲ್ಲ ಅಂತಲೂ ಗೊತ್ತಿತ್ತು.

ಹದಿನೈದು ದಿನಕ್ಕೆ ನಿಶ್ಚಿತಾರ್ಥ. ಮಳೆ ಇನ್ನೂ ಬಂದಿರಲಿಲ್ಲ, ಬಾವಿಯ ನೇಮ ಹಾಗೇ ಇತ್ತು. ಮದುವೆ ಕುದುರಿಸಿದ ಹಿರಿಯ ಅಂತ ರುದ್ರಪ್ಪಜ್ಜನಿಗೆ ಮೊದಲ ಕರೆ ಹೋಯಿತು. ಅವನು ಬೆಳಿಗ್ಗೆಯೇ ಬಂದ. ತಲೆಯ ಮೇಲೆ ಒಂದು ದೊಡ್ಡ ಹೊರೆ, ದಂಟು. ಪಡಸಾಲೆಯಲ್ಲಿ ಇಳಿಸಿದ.

"ಅಡಿಗಿಗೆ ಆಗ್ಲಿ ಅಂತ ತಂದೆ. ನೋಡ್ರಿ ಹೆಂಗೈತೆ ದಂಟು!"

ಆಳೆತ್ತರದ ದಂಟು. ಬುಡದಿಂದ ತುದಿಯವರೆಗೆ ಎರಡು ಕೆಂಪು ಗೆರೆ.

ಅತ್ತೆಯ ಕೈಯಲ್ಲಿದ್ದ ಮೊರ ನಿಂತಿತು. ನಾನು ತೊಲೆ ಎಣಿಸತೊಡಗಿದೆ.

"ಎಲ್ಲೀದು ಅಜ್ಜಾರೆ ಇದು?" ಅಂದಳು ಅತ್ತೆ, ತಣ್ಣಗೆ.

"ನಾಲೆ ಕೊನೇಲಿ, ನಮ್ಮ ತೂಬಿನ ಹತ್ರ. ಅಲ್ಲಿ ಜೌಗು, ಬ್ಯಾಸಿಗ್ಯಾಗೂ ನೆಲ ಆರಂಗಿಲ್ಲ. ನಾವೇನು ಹಾಕಿಲ್ಲ, ಬಿತ್ತಿಲ್ಲ. ಮೂರು ತಿಂಗಳ ಹಿಂದೆ ತಾನೇ ಎದ್ದೈತೆ, ಕಾಡು ಎದ್ದಂಗೆ. ನಮ್ಮ ಎಮ್ಮಿಗೆ ದಿನಾ ಒಂದು ಹೊರೆ. ತಿಂದು ತಿಂದು ಅದೂ ಈಗ ಮುಖ ತಿರುಗಸ್ತೈತೆ."

ನಾನು ಬೆಳಗಿದ ಪಾತ್ರೆಯ ಬೂದಿ ಎಲ್ಲಿಗೆ ಹೋಗಿ ನಿಂತಿತ್ತು ಅಂತ ಈಗ ತಿಳಿಯಿತು. ನಾವು ಕಲಾಯಿ ಸಾಬರನ್ನು ಅಣ್ಣನನ್ನಾಗಿ ಮಾಡಿ ಒಂದು ಗಿಡಕ್ಕೆ ನೀರು ಹಾಕುತ್ತಿದ್ದಾಗ, ನೀರು ಕೊಡದೆ ಕಾಡಿದ ಮುದುಕನ ಎಮ್ಮೆ ಅದೇ ದಂಟನ್ನು ತಿಂದು ತೇಗುತ್ತಿತ್ತು.

ಅದು ನಮ್ಮ ಬೀಜ ಅಂತ ಅತ್ತೆ ಹೇಳುವ ಹಾಗಿರಲಿಲ್ಲ. ಹೇಳಿದರೆ ಬೀಜ ಹೇಗೆ ಹೋಯಿತು, ಹಿತ್ತಲ ಗಿಡ ಯಾವುದು, ಬೇಸಿಗೆಯೆಲ್ಲ ಅಷ್ಟು ನೆಂಟರು ಯಾಕೆ ಬಂದರು, ಎಲ್ಲ ಬಿಚ್ಚಬೇಕು. ಒಳಗೆ ಗಂಡಿನವರು ಕೂತಿದ್ದರು. ಅವಳು ಜೀವನದಲ್ಲಿ ಮೊದಲ ಸಲ ಇನ್ನೊಬ್ಬರ ಮುಂದೆ ಸೊಪ್ಪಿಗೆ ಕೈ ಒಡ್ಡಿದಳು.

"ಒಳ್ಳೆ ದಂಟು. ಒಂದು ಹಿಡಿ ಬೀಜ ಕೊಡ್ರಿ ಅಜ್ಜಾರೆ."

ಅಷ್ಟು ಹೊತ್ತು ಎಮ್ಮೆಯ ಮೇವಾಗಿದ್ದದ್ದು, ನಮ್ಮತ್ತೆಯಂಥ ನಮ್ಮತ್ತೆ ಬೀಜ ಕೇಳಿದ್ದೇ ತಡ, ಅಜ್ಜನ ಮನೆತನದ ಸ್ವತ್ತಾಯಿತು. ಅವನು ಬೆನ್ನು ನೆಟ್ಟಗೆ ಮಾಡಿದ.

"ಬೀಜನಾ? ಸೊಪ್ಪು ಎಷ್ಟು ಬೇಕಾದ್ರೂ ಒಯ್ರಿ. ಬೀಜ ನಾವು ನೆಂಟ್ರಿಗೆ ಬಿಟ್ರೆ ಬ್ಯಾರೆ ಯಾರಿಗೂ ಕೊಡಂಗಿಲ್ಲ."

ಅತ್ತೆ ಅವನನ್ನು ನೋಡಿದಳು. ಬೆಳಿಗ್ಗೆಯಿಂದ ಹೊರೆ ಹೊತ್ತ ಮುದುಕ, ಬೆವರು ಕಿತ್ತು ಇಳಿಯುತ್ತಿತ್ತು.

"ಹಾಲಮ್ಮ," ಅಂದಳು, "ಅಜ್ಜಾರಿಗೆ ಬಚ್ಚಲಾಗೆ ಎರಡು ಬಿಂದಿಗಿ ನೀರಿಡು."

"ನನಗ್ಯಾಕವ್ವ ಸ್ನಾನ?" ಅಂದ ಅಜ್ಜ.

"ನಿಮ್ಮ ನೇಮ ಏನ್ರೀ? ನಮ್ಮ ಪಾಲಿನ ನೀರಾಗೆ ಸ್ನಾನ ಮಾಡಿದೋರು ನೆಂಟ್ರು. ನ್ಯಾಮತಿಯೋರಿಗೆ ನೀವೇ ಹೇಳಿದ್ದು, ಈ ಜಾಗದಾಗೇ ನಿಂತು."

ರುಮಾಲಿನ ಬೀಗರು ಒಳಗಿನಿಂದ ತಲೆ ಹೊರಗೆ ಹಾಕಿ, "ಹೂನ್ರೀ ಅಜ್ಜಾರೆ, ತಪ್ಪಿಸ್ಕಳಾಕೆ ಬರಲ್ಲ, ಹೋಗ್ರಿ" ಅಂದರು. ಅಜ್ಜ ಕೋಲನ್ನು ಗೋಡೆಗೆ ಒರಗಿಸಿದ. ಹೆಗಲ ವಸ್ತ್ರ ತೆಗೆದ. ತಾನು ಮಾಡಿದ ನೇಮವನ್ನು ತಾನೇ ಮುರಿಯುವ ಮನುಷ್ಯ ಅವನಲ್ಲ.

ಒಳಗೆ ನೀರು ಸುರಿಯುವ ಸದ್ದು ಕೇಳಿತು. ಅತ್ತೆ ಹಿತ್ತಲಿಗೆ ಹೋಗಿ ಕಾಲುವೆಯ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತಳು. ನಾನು ಹಿಂದೆ ನಿಂತೆ. ಗಿಡವೇ ಇಲ್ಲದ ಮಡಿಗೆ ನೀರು ಬಂತು, ಮೆಲ್ಲಗೆ, ಎರಡೂ ಬಿಂದಿಗೆಯದು. ಅವಳು ಬೆರಳಿಟ್ಟು ಮಣ್ಣು ನೋಡಿದಳು.

"ಗಂಟು ಕಟ್ಕ," ಅಂದಳು ನನ್ನ ಕಡೆ ತಿರುಗದೆ. "ನಾಳೆ ಜಗಳೂರಿಗೆ ಹೋಗು."

ಎಮ್ಮೆ ಈದು ತಿಂಗಳಾಗಿತ್ತು. ಗಿಣ್ಣ ಎಲ್ಲಿಯದು? ಆದರೂ ಅವಳ ಮನಸ್ಸು ತಿರುಗುವ ಮೊದಲು ಒಳಗೆ ಓಡಬೇಕು ಅಂತ ಕಾಲು ಎತ್ತಿದೆ.

"ನಿಲ್ಲೇ," ಅಂದಳು. "ಅಜ್ಜ ಹೊರಗೆ ಬಂದ ಕೂಡ್ಲೆ ನೀನೂ ಒಂದು ಸ್ನಾನ ಮಾಡು. ಮಡಿ ಇನ್ನೂ ಹದ ಆಗಿಲ್ಲ."